ಬಿಸಿ ಆರದ ಅರ್ಜಿ

ಕೈದಿ ಬರೆದ ದೂರು ನಿಜವಾಗಿ ಪರಿಹಾರವಾಗುವ ತನಕ ಅದರ ಕಾಗದ ಬಿಸಿಯಾಗಿಯೇ ಇರುತ್ತದೆ. ಹಾಗಾಗಿ ಬಂದೀಖಾನೆ ನಿಗಾ ಮಂಡಳಿಯ ಹಸೀನಾ ದಿನಾ ಬೆಳಿಗ್ಗೆ, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ, ಒಂದೊಂದು ಅರ್ಜಿಯನ್ನೂ ಮುಟ್ಟಿ ನೋಡುತ್ತಾಳೆ. ಆರಿದವು ಕಪಾಟಿಗೆ ಹೋಗುತ್ತವೆ. ಆರದವುಗಳ ಬೆನ್ನು ಹತ್ತಿ ಅವಳೇ ಜೈಲಿಗೆ ಹೋಗುತ್ತಾಳೆ.

ಕೈದಿ ದೇವಕ್ಕನ ಅರ್ಜಿಯನ್ನು ಜೈಲಿಗೆ ಕಳಿಸಿ ಹತ್ತು ದಿನವಾಗಿತ್ತು. ಕಾಲಿನ ಗಾಯ ಕೀವಾಗಿದೆ, ಡಾಕ್ಟರಿಗೆ ತೋರಿಸಿ ಎಂದಷ್ಟೇ ಅದರಲ್ಲಿತ್ತು. ಇವತ್ತು ಹಸೀನಾ ಜೈಲಿಗೆ ಬಂದಾಗ ಸೂಪರಿಂಟೆಂಡೆಂಟ್ ತಡಕೋಡ ಸಾಹೇಬರು ಅದನ್ನು ಮೇಜಿನ ಮೇಲಿಟ್ಟರು.

"ಡಾಕ್ಟರು ನೋಡ್ಯಾರ್ರಿ ಮೇಡಂ. ಮುಟ್ಟಿ ನೋಡ್ರಿ, ತಣ್ಣಗೈತಿ."

ತಣ್ಣಗೇ ಇತ್ತು. ಆದರೆ ಕಾಗದದ ಅಂಚು ಒದ್ದೆಯಾಗಿತ್ತು, ಮೂಲೆಯಲ್ಲಿ ಸಾಹೇಬರ ಫ್ರಿಜ್ಜು ಗುಂಯ್‌ಗುಡುತ್ತಿತ್ತು. ಹಸೀನಾ ಆಗಷ್ಟೇ ಬಂದ ಚಹಾದ ಸ್ಟೀಲ್ ಲೋಟವನ್ನು ಅರ್ಜಿಯ ಮೇಲಿಟ್ಟಳು.

"ಕುಡೀರಿ ಮೇಡಂ, ಆರಿ ಹೋಗ್ತೈತಿ."

"ಆರ್ಲಿ ಬಿಡ್ರಿ. ನಾ ಕುಂದರ್ತೀನಿ."

ಅರ್ಧ ಗಂಟೆ ಸಾಹೇಬರು ತಮ್ಮ ವರ್ಗಾವಣೆ, ಸೊಸೆಯ ಬಾಣಂತನ ಎಲ್ಲ ಹೇಳಿ ಮುಗಿಸಿದರು. ಅವಳು ಎಲ್ಲಕ್ಕೂ ಹೂಂಗುಟ್ಟಿದಳು. ಆಮೇಲೆ ಲೋಟವನ್ನು ಅವರತ್ತ ಸರಿಸಿದಳು.

"ನೀವ ಕುಡೀರಿ ಸಾಹೇಬ್ರ."

ತಡಕೋಡರು ಒಂದು ಗುಟುಕು ಕುಡಿದು ನಾಲಗೆ ಸುಟ್ಟುಕೊಂಡರು.

ಹಸೀನಾ ಅರ್ಜಿಯನ್ನು ಸೆರಗಿನಲ್ಲಿ ಹಿಡಿದುಕೊಂಡು ಎದ್ದಳು.

"ಡಾಕ್ಟರಿಗೆ ಫೋನ್ ಹಚ್ಚ್ರಿ. ಅವರು ಬರೂ ತನಕ ನಾ ದೇವಕ್ಕನ ಕೋಣೆಯೊಳಗ ಇರ್ತೀನಿ. ಹೊರಗಿಂದ ಬೀಗ ಹಾಕ್ಕೊಂಡ್ರೂ ಅಡ್ಡಿಲ್ಲ."