ಕೋರ್ಟಿನ ಬಾಗಿಲಲ್ಲಿ ರಾಜಿ

ಸಹಿ ಹಾಕಬೇಡಿ ಎನ್ನಲು ಇನ್ನೂ ಹೊತ್ತಿತ್ತು. ವಕೀಲೆ ನೀರಜಾ ಆ ಮಾತು ಹೇಳಲಿಲ್ಲ.

ಎದುರಿಗೆ ಚಂದ್ರವ್ವ ರಾಜಿಪತ್ರದ ಮುಂದೆ ಪೆನ್ನು ಹಿಡಿದು ಕೂತಿದ್ದಳು. ಸಣ್ಣ ಆಪರೇಷನ್ನಿಗೆಂದು ಖಾಸಗಿ ಕ್ಲಿನಿಕ್ಕಿಗೆ ಹೋದ ಅವಳ ಗಂಡ ಪರಪ್ಪ ಲಂಡನ್ ಅಂಚಿನ ಸಟನ್ನಿನ ಮನೆಗೆ ಜೀವಂತ ಮರಳಿರಲಿಲ್ಲ. ಕಾದು ಕಾದು, ೨೦೦೩ರ ಈ ಬೆಳಿಗ್ಗೆ ಲಂಡನ್ನಿನ ಕೋರ್ಟಿನಲ್ಲಿ ವಿಚಾರಣೆ ಶುರುವಾಗಬೇಕಿತ್ತು.

“ನನಗ ರೊಕ್ಕ ಬ್ಯಾಡವಾ,” ಎಂದಳು ಮತ್ತೊಮ್ಮೆ. “ಆ ಡಾಕ್ಟರ್ ಜಡ್ಜ್ ಮುಂದ ನಿಂತು, ಅವತ್ತ ಏನಾತು ಅಂತ ಹೇಳಲಿ. ನೀ ಕೇಳು, ನಾ ಕೇಳಿಸ್ಕೋತೀನಿ. ಅಷ್ಟ ಸಾಕು.”

“ಸೋತ್ರ ಅವರ ವಕೀಲರ ಖರ್ಚೂ ನಿಮ್ಮ ಮ್ಯಾಲ ಬರ್ತದ್ರಿ. ಮನಿ ಹೋಗ್ತದ.”

ಮಾತು ಸುಳ್ಳಲ್ಲ. ಆದರೆ ಇದು ಸೋಲುವ ಕೇಸೂ ಅಲ್ಲ. ತಜ್ಞರ ವರದಿ ಚಂದ್ರವ್ವನ ಪರವಾಗಿಯೇ ಇತ್ತು. ಅದನ್ನು ನೀರಜಾ ಇವತ್ತು ನೆನಪಿಸಲಿಲ್ಲ.

ಕ್ಲಿನಿಕ್ಕಿನ ಪರ ನಿಂತವನು ಜಗನ್ನಾಥ. ಮೈಸೂರಿನ ಡಾಕ್ಟರರ ಮಗ, ನೀರಜಾಳ ಜೊತೆಗೇ ಓದಿ ವಕೀಲನಾದವನು. ಇಷ್ಟು ವರ್ಷಗಳಲ್ಲಿ ಒಂದೂ ಕೇಸು ಸೋತಿಲ್ಲವೆಂದು ಅವನ ಹೆಸರು. ಬೆಳಿಗ್ಗೆ ಅವಳನ್ನು ತಡೆದು ನಿಲ್ಲಿಸಿದ್ದ.

“ನಾನು ಪ್ರಶ್ನೆ ಕೇಳೋಕೆ ಶುರು ಮಾಡಿದ್ರೆ ಆಕೆ ತಡ್ಕೊಳ್ಳಲ್ಲ. ರಾಜಿ ಮಾಡ್ಸು ನೀರಜಾ, ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ.”

ಮಡಿಕೆ ಮುರಿಯದ ಕರಿಗೌನಿನೊಳಗೆ ನೀರಜಾಳ ಬೆನ್ನು ಬೆವೆತಿತ್ತು.

ಚಂದ್ರವ್ವ ಸಹಿ ಹಾಕಿದಳು. “ನಿನ್ನ ನಂಬೀನಿ,” ಎಂದು ಪೆನ್ನು ಕೊಟ್ಟು, ಮುಖ ತೊಳೆಯಲು ಎದ್ದುಹೋದಳು. ನೀರಜಾಗೆ ತಲೆಯೆತ್ತಿ ನೋಡಲಾಗಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ಜಗನ್ನಾಥ ಅವಳ ಕೈ ಕುಲುಕಿದ. ಅವನ ಅಂಗೈ ಒದ್ದೆಯಾಗಿತ್ತು. ಪಕ್ಕದಲ್ಲಿದ್ದ ಇಂಗ್ಲಿಷರಿಗೆ ತಿಳಿಯದಿರಲೆಂದು ಕನ್ನಡಕ್ಕೆ ಹೊರಳಿದ.

“ಬದುಕಿಸಿಬಿಟ್ಟೆ ಕಣೆ! ಈಗ ಜಡ್ಜ್‌ಗಳೇ ರಾಜಿ ಮಾಡ್ಕೊಳ್ಳಿ ಅಂತಾರೆ, ಎಲ್ಲಾ ಕೇಸೂ ಹೊರಗೇ ಮುಗಿಯತ್ತೆ. ಇವತ್ತು ಒಳಗೆ ಹೋಗಿದ್ರೆ ನನ್ನ ಜೀವನದ ಮೊದಲ್ನೇ ವಿಚಾರಣೆ ಆಗ್ತಿತ್ತು. ಬಾಯಿ ಒಣಗಿಹೋಗಿತ್ತು ನಂಗೆ.”

ನೀರಜಾ ಕೈ ಬಿಡಿಸಿಕೊಂಡಳು.

“ನಂದೂ ಮೊದಲ್ನೇದ ಆಗ್ತಿತ್ತು,” ಎಂದಳು. “ಅದಕ್ಕ ಆಕಿಗೆ ಮನಿ ಹೋಗ್ತದ ಅಂತ ಹೆದರಿಸಿದೆ.”

ಅವಳ ಬೆನ್ನ ಹಿಂದೆ, ಒದ್ದೆ ಮುಖದಲ್ಲೇ ಬಂದು ನಿಂತಿದ್ದ ಚಂದ್ರವ್ವನ ಕಿವಿಗೆ ಒಂದು ಮಾತೂ ತಪ್ಪಿರಲಿಲ್ಲ. ಕನ್ನಡದವಳು ಎಂಬ ಒಂದೇ ನಂಬಿಕೆಯ ಮೇಲೆ ಅವಳು ಈ ವಕೀಲೆಯನ್ನು ಹುಡುಕಿಕೊಂಡು ಬಂದಿದ್ದಳು.