ಕಿರುಚುವ ಕೆಲಸ

ಸೂಪರ್‌ಹೀರೋ ಹಾರಿ ಬರುವ ತನಕ ನಾಯಕಿ ಕಿರುಚುತ್ತಿರಬೇಕು. ಡಬ್ಬಿಂಗ್ ಕೋಣೆಯಲ್ಲಿ ಆ ನಾಯಕಿಗೆ ದನಿ ಕೊಡುವ ಅವಳಿಗೆ ಸಿಕ್ಕ ಕೆಲಸ ಇಷ್ಟೇ. ಗಂಟಲು ಹರಿಯುವಂತೆ ಕಿರುಚಿದರೂ ನಿರ್ದೇಶಕನಿಗೆ ಸಮಾಧಾನವಿಲ್ಲ.

“ಭಯಾನೇ ಬರ್ತಿಲ್ವಲ್ಲಮ್ಮ!”

“ಒಂದೇ ಏಟಿಗೆ ಮಕಾಡೆ ಬೀಳೋ ವಿಲನ್ ಸಾರ್. ಅವನಿಗೆ ಯಾರು ಹೆದರ್ತಾರೆ?”

ನಿರ್ದೇಶಕ ನಗಲಿಲ್ಲ. ಗಾಜಿನಾಚೆ ಕೂತಿದ್ದ ಸೌಂಡ್ ಎಂಜಿನಿಯರನ್ನು ಕಾಫಿಗೆ ಕಳಿಸಿ, ತಾನೇ ಒಳಗೆ ಬಂದು ಚಿಲಕ ಹಾಕಿದ.

“ಈ ಗೋಡೆ ದಾಟಿ ಸದ್ದು ಹೋಗಲ್ಲ. ಈಗ ಕಿರುಚು, ನೋಡೋಣ.”

ಅವಳು ಮೈಕಿನ ಸ್ಟ್ಯಾಂಡನ್ನು ಬಿಗಿಯಾಗಿ ಹಿಡಿದು ನಿಂತಳು. ಅವನು ಹತ್ತಿರ ಬಂದ.

“ಬಾಗಿಲು ಯಾಕೆ ಹಾಕಿದ್ರಿ ಸಾರ್?”

“ಭಯ ಅಂದ್ರೇನು ಅಂತ ಕಲಿಸೋಕೆ.”

ಅವಳು ಅವನ ಭುಜದಾಚೆ, ಗಾಜಿನ ಕಡೆ ನೋಡಿದಳು.

“ಮೈಕ್ ಆನ್ ಆಗೇ ಇದೆ ಸಾರ್. ಆಚೆ ಈಗಷ್ಟೇ ಬಂದ ಪ್ರೊಡ್ಯೂಸರಮ್ಮ ಹೆಡ್‌ಫೋನ್ ಹಾಕ್ಕೊಂಡು ಕೂತಿದ್ದಾರೆ, ಸ್ವಲ್ಪ ಜೋರಾಗಿ ಹೇಳಿ.”