ಹೆಸರಿಡದ ಕೂಸು

ಮೊಮ್ಮಗುವಿಗೆ ಎರೆದು ಲೋಬಾನದ ಹೊಗೆ ಹಾಕಿದಾಗಲೆಲ್ಲ ನಿಲಂಗಾದ ನಮ್ಮ ಓಣಿಯ ಒಂದು ಮಧ್ಯಾಹ್ನ ನನಗೆ ನೆನಪಾಗುತ್ತದೆ.

ಪೋಲೀಸ್ ಆ್ಯಕ್ಷನ್ ನಡೆದು, ನಿಜಾಮನ ಕೈಯಲ್ಲಿದ್ದ ನಮ್ಮ ಸೀಮೆ ಭಾರತಕ್ಕೆ ಸೇರಿ ಕೆಲವು ತಿಂಗಳು ಕಳೆದಿದ್ದವು. ಗಲಾಟೆಗೆ ಹೆದರಿ ಊರು ಬಿಟ್ಟಿದ್ದ ನೆರೆಮನೆಯ ರಹಿಮತಬಿ ಅಂದು ಗಂಡನೊಂದಿಗೆ ಮರಳಿ ಬಂದಿದ್ದಳು. ಸಾಮಾನು ಇನ್ನೂ ಬಾಗಿಲ ಮುಂದಿನ ಬಂಡಿಯಲ್ಲೇ ಇತ್ತು. ಮಡಿಲಲ್ಲಿ ಎಳೆಗೂಸಿತ್ತು. ಓಣಿಯಲ್ಲಿ ಯಾರೂ ಬಾಗಿಲು ತೆರೆದು ಮಾತಾಡಿಸಲಿಲ್ಲ. ಕೂಸಿನ ಅಳು ಮಾತ್ರ ನಮ್ಮ ಪಡಸಾಲೆಯವರೆಗೂ ಕೇಳುತ್ತಿತ್ತು.

ನಮ್ಮಜ್ಜಿ ಹೆಂಚಿನ ತುಂಡಿನಲ್ಲಿ ಕೆಂಡ ಹಾಕಿಕೊಂಡು ಎದ್ದಳು.

“ಅತ್ತೀ, ಜನ ಏನಂತಾರರೀ?” ಎಂದು ಅವ್ವ ತಡೆದಳು.

“ಕೂಸು ಅಳ್ಲಾಕತ್ತದ. ಜನ ಆಮ್ಯಾಲ ಅನ್ಲಿ.”

ನಾನು ಎಣ್ಣೆಯ ಬಟ್ಟಲು ಹಿಡಿದು ಹಿಂದೆಯೇ ಹೋದೆ. ಅಜ್ಜಿ ಅವರ ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡಳು. ಎಣ್ಣೆ ಹಚ್ಚಲು ಬಾಗಿದಾಗ ಅವಳ ಕೊರಳಲ್ಲಿದ್ದ ಲಿಂಗದ ವಸ್ತ್ರವನ್ನು ಕೂಸು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿಯಿತು. ರಹಿಮತಬಿ ಗಾಬರಿಯಿಂದ ಬಿಡಿಸಲು ಬಂದಳು.

“ಇರ್ಲಿ ಬಿಡವ್ವಾ,” ಎಂದಳು ಅಜ್ಜಿ.

ಅಷ್ಟರಲ್ಲಿ ಅವ್ವ ಬಿಸಿನೀರಿನ ಕೊಡ ತಂದು ಸದ್ದಿಲ್ಲದೆ ಪಕ್ಕದಲ್ಲಿಟ್ಟಳು.

ಮಿಂದ ಕೂಸಿಗೆ ಹೊಗೆ ಹಾಕುತ್ತ ಅಜ್ಜಿ ಕೇಳಿದಳು, “ಹೆಸರೇನಿಟ್ಟೀರಿ?”

“ಇನ್ನಾ ಇಟ್ಟಿಲ್ಲರೀ ಆಯಿ,” ಎಂದಳು ರಹಿಮತಬಿ. “ಎಲ್ಲಿ ನಿಲ್ತೀವೋ ಅಲ್ಲೇ ಇಡಮು ಅಂದಾರ ಇವರು.”

“ಹಂಗಾದ್ರ ಇಲ್ಲೇ ಇಡ್ರಿ. ತೊಟ್ಟಿಲಾ ನಮ್ಮನ್ಯಾಗದ.”

ರಹಿಮತಬಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹೊರಗೆ ಅವಳ ಗಂಡ ಬಂಡಿಯಿಂದ ಸಾಮಾನು ಇಳಿಸತೊಡಗಿದ.